ಕಂಡುದು, ಕೇಳಿದುದು

ದೇಶಾಂತರವನ್ನು ಸುತ್ತಿಬಂದವನು ಊರಿಗೆ ಮರಳಿ ಕಥೆ ಹೇಳತೊಡಗಿದಾಗ, ತಾನು ಕಣ್ಣಾರೆ ಕಂಡುದನ್ನೂ, ದಾರಿಯಲ್ಲಿ ಯಾರೋ ಹೇಳಿದುದನ್ನೂ, ಹೊರಡುವ ಮೊದಲೇ ಪುಸ್ತಕದಲ್ಲಿ ಓದಿಕೊಂಡುದನ್ನೂ ಒಂದೇ ಪಾಕದಲ್ಲಿ ಅದ್ದಿ ಬಡಿಸಿಬಿಡುವುದು ವಾಡಿಕೆ. ಕೇಳುವವರೂ ಅದನ್ನು ಬಿಡಿಸಿ ನೋಡುವ ಶ್ರಮಕ್ಕೆ ಹೋಗುವುದಿಲ್ಲ. ನಾನು ಕಳೆದ ವರ್ಷದ ಏಪ್ರಿಲ್, ಮೇ ತಿಂಗಳುಗಳಲ್ಲಿ ದಕ್ಷಿಣ ಅಮೆರಿಕದ ಪೆರು, ಬೊಲಿವಿಯ ದೇಶಗಳಲ್ಲಿ ಐದು ವಾರಗಳ ಕಾಲ ಸಂಚರಿಸಿ ಬಂದೆನು. ಅದನ್ನು ಕುರಿತು ನಮ್ಮ ಪತ್ರಿಕೆಗೆ ಏನಾದರೂ ಬರೆಯಬೇಕೆಂದು ಸಂಘದ ಮಿತ್ರರು ಅಪೇಕ್ಷಿಸಿದಾಗ, ಹೇಳತಕ್ಕ ಸಂಗತಿಗಳು ಬೇಕಾದಷ್ಟಿದ್ದರೂ, ಆ ನಾಡಿನ ಭಾಷೆಯೊಂದು ನನ್ನ ಲೇಖನಿಯನ್ನು ಹಿಡಿದು ನಿಲ್ಲಿಸಿತು. ಕೆಚುವಾ ಎಂಬ ಆ ಭಾಷೆಯಲ್ಲಿ ಕೇಳಿದುದನ್ನು ಕಂಡಂತೆ ಹೇಳಹೊರಟರೆ ವ್ಯಾಕರಣವೇ ಅಡ್ಡ ಬರುತ್ತದೆ.

ಪೆರು ದೇಶಕ್ಕೂ ಸಂಸ್ಕೃತ ಪಾಠಶಾಲೆಯಲ್ಲಿ ಓದಿ ಹಳ್ಳಿಯ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದ ಮೇಷ್ಟರಿಗೂ ಎಲ್ಲಿಯ ಸಂಬಂಧವೆಂದು ವಾಚಕರು ಕೇಳಬಹುದು. ನನ್ನ ಎರಡನೆಯ ಮಗಳು ಗಂಡನೊಡನೆ ಲೀಮಾ ನಗರದಲ್ಲಿದ್ದಾಳೆ. ಮೂರು ವರ್ಷಗಳಿಂದ ಕರೆಯುತ್ತಿದ್ದಳು. ಮನೆಯಾಕೆ ಮೊಮ್ಮಗುವಿನ ನೆಪದಿಂದ ಒಪ್ಪಿದಳು. ನಾನು ಅವಳ ನೆಪದಿಂದ ಹೊರಟೆನು. ಲೀಮಾ ನಗರವನ್ನು ಕುರಿತು ನಾನು ಹೆಚ್ಚು ಬರೆಯುವುದಿಲ್ಲ. 1535 ರಲ್ಲಿ ಪಿಸಾರೊ ಕಟ್ಟಿದ ರಾಜಧಾನಿಯದು; 1551 ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವೊಂದು ಅಲ್ಲಿ ಇಂದಿಗೂ ನಡೆಯುತ್ತಿದೆ. ಉಳಿದಂತೆ ಅದು ದೊಡ್ಡ ಊರು. ದೊಡ್ಡ ಊರುಗಳೆಲ್ಲವೂ ಒಂದನ್ನೊಂದು ಹೋಲುತ್ತವೆ.

ಕುಸ್ಕೊ ಹಾಗಲ್ಲ. ಸಮುದ್ರಮಟ್ಟಕ್ಕಿಂತ 11,000 ಅಡಿಗಳ ಮೇಲೆ, ಬೆಟ್ಟಗಳ ನಡುವಣ ಬಟ್ಟಲಿನಲ್ಲಿ ಕೆಂಪು ಹೆಂಚುಗಳನ್ನು ಚೆಲ್ಲಿದಂತೆ ಇರುವ ಈ ನಗರವು ಇಂಕಾ ಅರಸರ ರಾಜಧಾನಿಯಾಗಿತ್ತು. 1533 ರಲ್ಲಿ ಸ್ಪೇನಿನವರು ಅದನ್ನು ಹೊಕ್ಕರು. ಸೆರೆಸಿಕ್ಕ ಅಟಾಹುವಾಲ್ಪ ಅರಸನ ಬಿಡುಗಡೆಗೆಂದು ಸೂರ್ಯದೇವಾಲಯವಾದ ಕೊರಿಕಾಂಚದ ಗೋಡೆಗಳಿಂದ ಚಿನ್ನದ ತಗಡುಗಳನ್ನು ಕಿತ್ತರು. ಚಿನ್ನವನ್ನು ತೆಗೆದುಕೊಂಡು ಅರಸನನ್ನೂ ಕೊಂದರು. ಅನಂತರ ಆ ದೇವಾಲಯದ ಗೋಡೆಗಳ ಮೇಲೆಯೇ ಸಂತ ದೊಮಿಂಗೊ ಎಂಬ ಸಂನ್ಯಾಸಿಮಠವನ್ನು ಕಟ್ಟಿದರು. 1650 ರ ಭೂಕಂಪದಲ್ಲಿಯೂ 1950 ರ ಮೇ ತಿಂಗಳ ಭೂಕಂಪದಲ್ಲಿಯೂ ಮೇಲಣ ಕಟ್ಟಡವು ಜರ್ಜರಿತವಾಯಿತು. ಅಡಿಯ ಇಂಕಾ ಗೋಡೆಯು ಅಲುಗಲಿಲ್ಲ. ಗಾರೆಯ ಲೇಶವೂ ಇಲ್ಲದೆ ಕಲ್ಲಿಗೆ ಕಲ್ಲನ್ನು ಕೂಡಿಸಿದ ಆ ಗೋಡೆಯ ಸಂಧಿಯಲ್ಲಿ ನನ್ನ ಉಗುರಿನ ತುದಿಯೂ ಇಳಿಯಲಿಲ್ಲ. ಇಷ್ಟನ್ನು ನಾನು ಕಂಡೆನು, ಮುಟ್ಟಿದೆನು.

ನಾವು ಇಳಿದುಕೊಂಡಿದ್ದ ಮನೆಯ ಯಜಮಾನರೂ ನಿವೃತ್ತ ಉಪಾಧ್ಯಾಯರು. ನಾನೂ ಅದೇ ವೃತ್ತಿಯವನೆಂದು ಮಗಳು ತಿಳಿಸಿದ ಕ್ಷಣದಿಂದ ಅವರು ನನ್ನನ್ನು ‘ಮಾಯೆಸ್ತ್ರೊ’ ಎಂದು ಕರೆಯತೊಡಗಿದರು. ಮನೆಯಾಕೆ ನಕ್ಕು, “ಇಲ್ಲಿಯೂ ನೀವು ಮೇಷ್ಟ್ರೇ ಆದಿರಲ್ಲ!” ಎಂದಳು. ಅವಳ ಕಿವಿ ಹೇಳಿದುದರಲ್ಲಿ ಹುರುಳಿತ್ತು. ಎರಡು ಶಬ್ದಗಳಿಗೂ ಮೂಲವು ಲ್ಯಾಟಿನ್ ಭಾಷೆಯ ಒಂದೇ ಪದ. ಎತ್ತರದ ಊರಿನಲ್ಲಿ ಬರುವ ತಲೆನೋವಿಗೆ ಅವರು ಕೊಕಾ ಎಲೆಯ ಕಷಾಯವನ್ನು ಮಾಡಿಕೊಟ್ಟರು. ಅಡುಗೆಮನೆಯ ಬೆಂಚಿನ ಮೇಲೆ ಕುಳಿತು ಅದನ್ನು ಕುಡಿಯುತ್ತಿರುವಾಗ, ಮಳೆಗಾಲದ ಕೊನೆಯ ಮಳೆಯೊಂದು ಹೆಂಚಿನ ಮೇಲೆ ಬಿದ್ದಿತು. ಅವರು ಹೊರಗೆ ನೋಡಿ ‘ಪರಾಶನ್‌ಮಿ’ ಎಂದರು. ಕೆಚುವಾ ಅವರ ತಾಯ್ನುಡಿ. ಸ್ಪ್ಯಾನಿಷ್ ಶಾಲೆಯಲ್ಲಿ ಕಲಿತುದು. ನಾನು ಆ ಮಾತನ್ನು ಬಿಡಿಸಿ ಹೇಳಿರೆಂದು ಕೇಳಿಕೊಂಡೆನು. ಅದರಿಂದ ಆರಂಭವಾದ ಪಾಠವು ಮೂರು ಸಂಜೆಗಳ ಕಾಲ ನಡೆಯಿತು. ಅವರ ಸ್ಪ್ಯಾನಿಷ್ ಮಾತನ್ನು ಮಗಳು ಕನ್ನಡಿಸುತ್ತಿದ್ದಳು.

‘ಪರಾ’ ಎಂದರೆ ಮಳೆ. ನಮ್ಮ ಭಾಷೆಯಂತೆಯೇ ಅಲ್ಲಿಯೂ ಪ್ರಕೃತಿಯ ಹಿಂದೆ ಪ್ರತ್ಯಯಗಳು ಒಂದರ ಬೆನ್ನಿಗೆ ಒಂದು ಬಂದು ನಿಲ್ಲುತ್ತವೆ. ‘ವಾಸಿ’ ಮನೆ, ‘ವಾಸಿಕುನಾ’ ಮನೆಗಳು, ‘ವಾಸಿಕುನಾಮಾಂತ’ ಮನೆಗಳಿಂದ. ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಇಷ್ಟರಿಂದಲೇ ಎರಡು ಭಾಷೆಗಳಿಗೂ ನಂಟು ಕಲ್ಪಿಸುವ ಪಂಡಿತರು ನಮ್ಮಲ್ಲಿ ಹುಟ್ಟದಿರಲಾರರು. ಆ ಗುಂಪಿಗೆ ನಾನು ಸೇರತಕ್ಕವನಲ್ಲ. ನನ್ನನ್ನು ಹಿಡಿದುದು ತುದಿಯ ‘ಮಿ’ ಎಂಬ ಅಕ್ಷರ. ಹೇಳುವವನು ತಾನೇ ಬಲ್ಲ, ತಾನೇ ಕಂಡ ಸಂಗತಿಗೆ ಅದು ಮುದ್ರೆ. ಮಳೆಯನ್ನು ಕಾಣದೆ ಮತ್ತೊಬ್ಬರಿಂದ ಕೇಳಿದ್ದರೆ ‘ಪರಾಶನ್‌ಸಿ’ ಎನ್ನಬೇಕು. ಕಾಣದೆ, ಕೇಳದೆ, ಮೋಡವನ್ನೋ ಗಾಳಿಯನ್ನೋ ನೋಡಿ ಊಹಿಸಿದ್ದರೆ ‘ಪರಾಶನ್‌ಚಾ’. ಕನ್ನಡದಲ್ಲಿ ನಾವು ಮಳೆ ಬರುತ್ತಿದೆ, ಬರುತ್ತಿದೆಯಂತೆ, ಬರುತ್ತಿರಬೇಕು ಎನ್ನುತ್ತೇವಲ್ಲವೆ? ನಮ್ಮ ‘ಅಂತೆ’ಯನ್ನು ಅವರಿಗೆ ವಿವರಿಸಿದಾಗ ಅವರು ಮೇಜನ್ನು ತಟ್ಟಿ ಸಂತೋಷಪಟ್ಟರು, ಸ್ಪ್ಯಾನಿಷ್ ಭಾಷೆಯಲ್ಲಿ ಇಷ್ಟು ಸಣ್ಣ ಪ್ರತ್ಯಯದಿಂದ ಈ ಕೆಲಸವನ್ನು ಮಾಡಿಸಲಾಗುವುದಿಲ್ಲವೆಂದು ಅವರಿಗೆ ಜೀವಮಾನದ ಕೊರಗು. ಆದರೆ ನಮ್ಮಲ್ಲಿ ‘ಅಂತೆ’ಯನ್ನು ಬಿಟ್ಟುಬಿಡುವುದು ಸುಲಭ, ಬಿಟ್ಟಮಾತ್ರಕ್ಕೆ ವಾಕ್ಯವು ಕುಂಟುವುದಿಲ್ಲ.

ಎರಡನೆಯ ಸಂಜೆ ಅವರು ಭೂತಕಾಲಕ್ಕೆ ಬಂದರು. ಕೆಚುವಾದಲ್ಲಿ ಭೂತಕಾಲಗಳು ಎರಡು. ಹೇಳುವವನ ಅನುಭವಕ್ಕೆ ಬಂದುದಕ್ಕೆ ‘ರ್ಕ’ ಪ್ರತ್ಯಯ. ಅವನ ಅರಿವಿನ ಹೊರಗೆ ನಡೆದುದಕ್ಕೆ ‘ಸ್ಕ’. ನಾನು ಕುಳಿತಲ್ಲಿಯೇ ನೆಟ್ಟಗಾದೆನು. ಐವತ್ತು ವರ್ಷಗಳ ಹಿಂದೆ ಪಾಠಶಾಲೆಯ ಜಗಲಿಯಲ್ಲಿ ಕುಳಿತು ಗಟ್ಟಿಮಾಡಿದ ಪಾಣಿನಿಯ ಲಕಾರಗಳು ನಾಲಗೆಯ ತುದಿಗೆ ಬಂದುವು. ಇಂದಿನದಲ್ಲದ ಭೂತಕ್ಕೆ ಲಙ್. ಆ ಭೂತವು ವಕ್ತೃವಿಗೆ ಪರೋಕ್ಷವಾಗಿದ್ದರೆ ಲಿಟ್. ರಾಮನು ಕಾಡಿಗೆ ಹೋದುದನ್ನು ‘ಜಗಾಮ’ ಎನ್ನುವುದು ನಾವು ಯಾರೂ ಅದನ್ನು ಕಾಣದ ಕಾರಣದಿಂದ. ಹಾಗಾದರೆ ಲಿಟ್ ಲಕಾರದಲ್ಲಿ ಉತ್ತಮಪುರುಷ ಹೇಗೆ ಸಾಧ್ಯ? ತಾನು ಮಾಡಿದುದು ತನಗೇ ಪರೋಕ್ಷವಾಗುವುದೆಂತು? ನಿದ್ರೆಯಲ್ಲಿಯೋ ಅಮಲಿನಲ್ಲಿಯೋ ಮಾಡಿದುದು ಮಾಡಿದವನಿಗೂ ಪರೋಕ್ಷವೇ ಎಂದು ವ್ಯಾಖ್ಯಾನಕಾರರು ಸಮಾಧಾನ ಹೇಳುತ್ತಾರೆ. ಈ ಪ್ರಶ್ನೆಯನ್ನೇ ನಾನು ಮಗಳ ಮೂಲಕ ಕೇಳಿಸಿದೆನು. ಅವರು ತಡೆಯದೆ, ಕುಡಿದಾಗ ಮಾಡಿದುದನ್ನೂ, ನಿದ್ದೆಯಲ್ಲಿ ಆಡಿದುದನ್ನೂ, ತಾನು ಹುಟ್ಟಿದುದನ್ನೂ ‘ಸ್ಕ’ ಪ್ರತ್ಯಯದಿಂದಲೇ ಹೇಳಬೇಕೆಂದರು. ಸಮುದ್ರಗಳಿಂದ ಬೇರ್ಪಟ್ಟ ಎರಡು ಜನಾಂಗಗಳು ಒಬ್ಬರನ್ನೊಬ್ಬರು ಅರಿಯದೆ ಅದೇ ಸಂದೇಹವನ್ನು ಎತ್ತಿ ಅದೇ ಉತ್ತರವನ್ನು ಕಂಡುಕೊಂಡಿವೆ! ಆ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಅದು ಎತ್ತರದ ದೋಷವೆಂದು ಮಗಳು ಮತ್ತೆ ಕಷಾಯವನ್ನು ತಂದಳು.

ಕೆಚುವಾದ ಮೊದಲನೆಯ ಮುದ್ರಿತ ವ್ಯಾಕರಣವನ್ನು ಬರೆದವನು ದೊಮಿಂಗೊ ದೆ ಸಾಂತೊ ತೊಮಾಸ್ ಎಂಬ ಸಂನ್ಯಾಸಿ. ಅದು 1560 ರಲ್ಲಿ ಸ್ಪೇನಿನ ವಯ್ಯಾದೊಲಿದ್ ನಗರದಲ್ಲಿ ಅಚ್ಚಾಯಿತು. ಭಟ್ಟಾಕಳಂಕನು ಕನ್ನಡಕ್ಕೆ ಸಂಸ್ಕೃತದಲ್ಲಿ ಶಬ್ದಾನುಶಾಸನವನ್ನು ರಚಿಸಿದುದು 1604 ರಲ್ಲಿ. ಒಬ್ಬನು ಲ್ಯಾಟಿನ್ನಿನ ಅಚ್ಚಿನಲ್ಲಿ, ಇನ್ನೊಬ್ಬನು ಸಂಸ್ಕೃತದ ಅಚ್ಚಿನಲ್ಲಿ ದೇಶಭಾಷೆಯನ್ನು ಎರಕ ಹೊಯ್ದರು. ಅದೇ 1560 ರಲ್ಲಿ ಕುಸ್ಕೊದ ತರುಣನೊಬ್ಬನು ಊರನ್ನು ಬಿಟ್ಟು ಸ್ಪೇನಿಗೆ ಹೊರಟನು, ಮತ್ತೆ ಹಿಂದಿರುಗಲಿಲ್ಲ. ಇವನೇ ಗಾರ್ಸಿಲಾಸೊ. ತಂದೆ ಸ್ಪೇನಿನ ಯೋಧ, ತಾಯಿ ಇಂಕಾ ರಾಜವಂಶದವಳು. ಇಳಿವಯಸ್ಸಿನಲ್ಲಿ ತಾಯಿಯ ಬಂಧುಗಳಿಂದ ಕೇಳಿದುದನ್ನೂ ಬಾಲ್ಯದಲ್ಲಿ ತಾನು ಕಂಡುದನ್ನೂ ಕೂಡಿಸಿ ಇಂಕಾ ಅರಸರ ಇತಿಹಾಸವನ್ನು ಅವನು ಸ್ಪ್ಯಾನಿಷ್ ಭಾಷೆಯಲ್ಲಿ ಬರೆದನು; ಅದು 1609 ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. ‘ರ್ಕ’, ‘ಸ್ಕ’ಗಳನ್ನು ತಾಯಿಯ ಮಡಿಲಲ್ಲಿ ಕಲಿತವನು ಅವೆರಡೂ ಇಲ್ಲದ ಭಾಷೆಯಲ್ಲಿ ಬರೆಯುವಾಗ ಏನು ಪಾಡುಪಟ್ಟನೋ!

ಕುಸ್ಕೊದಿಂದ ದಕ್ಷಿಣಕ್ಕೆ ಟಿಟಿಕಾಕಾ ಸರೋವರವನ್ನು ಬಳಸಿ, ಲಾ ಪಾಸ್ ನಗರವನ್ನು ದಾಟಿ, ಊಯುನಿ ಎಂಬ ಊರನ್ನು ಸೇರುವ ಹೊತ್ತಿಗೆ ಆರು ದಿನಗಳಾದುವು. ಮರವಿಲ್ಲ, ನೆರಳಿಲ್ಲ, ಹಳದಿ ಹುಲ್ಲು, ಲಾಮಾ ಹಿಂಡುಗಳು, ಮಣ್ಣಿನ ಮನೆಗಳು. ಊಯುನಿಯ ಅಂಚಿನಲ್ಲಿ ಹಳೆಯ ರೈಲುಯಂತ್ರಗಳು ಮರಳಿನಲ್ಲಿ ತುಕ್ಕು ಹಿಡಿದು ನಿಂತಿವೆ. ಅಲ್ಲಿಂದ ಮುಂದೆ ಉಪ್ಪಿನ ಬಯಲು.

ಸುಮಾರು 4,000 ಚದರ ಮೈಲಿಗಳಷ್ಟು ಹರಡಿಕೊಂಡ, 12,000 ಅಡಿ ಎತ್ತರದ ಆ ಬಯಲನ್ನು ಹೇಗೆ ವರ್ಣಿಸುವುದೆಂದು ನನಗೆ ಇನ್ನೂ ತಿಳಿದಿಲ್ಲ. ಪೂರ್ವಕಾಲದ ಮಹಾಸರೋವರವೊಂದು ಒಣಗಿ ಉಳಿಸಿದ ಉಪ್ಪು ಅದು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಏರುತಗ್ಗು ಒಂದು ಗಜವನ್ನೂ ಮೀರದು. ಆಕಾಶದಲ್ಲಿ ಸುತ್ತುವ ಕೃತಕೋಪಗ್ರಹಗಳ ಅಳತೆಯ ಉಪಕರಣಗಳನ್ನು ಸರಿನೋಡುವುದಕ್ಕೆ ವಿಜ್ಞಾನಿಗಳು ಈ ಬಯಲನ್ನು ಬಳಸಿಕೊಂಡಿದ್ದಾರೆ. ಒಣಗಿದ ಕಡೆಗಳಲ್ಲಿ ಉಪ್ಪು ಬಿರಿದು ಐದಾರು ಮೂಲೆಗಳ ಹಲಗೆಗಳಾಗಿತ್ತು. ಕೊಲ್ಚಾನಿ ಎಂಬ ಹಳ್ಳಿಯ ಬಳಿ ಇನ್ನೂ ಒಂದಂಗುಲ ನೀರು ನಿಂತಿತ್ತು. ಆ ನೀರಿನಲ್ಲಿ ಆಕಾಶವು ತಲೆಕೆಳಗಾಗಿ ಇಳಿದು, ಕ್ಷಿತಿಜದ ಗೆರೆಯೇ ಅಳಿಸಿಹೋಗಿತ್ತು. ಕೂಲಿಗಾರರು ಉಪ್ಪನ್ನು ಕೆರೆದು ಮೊಳಕಾಲೆತ್ತರದ ಗುಪ್ಪೆಗಳಾಗಿ ಒಟ್ಟಿದ್ದರು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಆಗರವನ್ನು ಕಂಡವರಿಗೆ ಆ ಗುಪ್ಪೆಗಳು ಹೊಸದಾಗಿ ತೋರವು. ಈ ಉಪ್ಪಿನ ಕೆಳಗಣ ಲವಣಜಲದಲ್ಲಿ ಲಿಥಿಯಂ ಎಂಬ ಲೋಹವು ಅಪಾರವಾಗಿದೆ. ನಮ್ಮ ಕಿಸೆಗಳಲ್ಲಿರುವ ದೂರವಾಣಿಗಳ ಬ್ಯಾಟರಿಗೆ ಬೇಕಾದುದು ಅದೇ.

ಅಲ್ಲಿ ನನಗೆ ಕಳವಳವನ್ನುಂಟುಮಾಡಿದುದು ಬೇರೊಂದು. ಕುಸ್ಕೊದ ಮೇಷ್ಟರು ‘ಮಿ’ ಎಂಬ ಮುದ್ರೆಯನ್ನು ಕಣ್ಣಿನ ಕೈಗೆ ಕೊಟ್ಟಿದ್ದರು. ಊಯುನಿಯಲ್ಲಿ ಕಣ್ಣೇ ಸುಳ್ಳು ಹೇಳತೊಡಗಿತು. ದೂರದ ಬೆಟ್ಟಗಳು ನೆಲವನ್ನು ಬಿಟ್ಟು ಗಾಳಿಯಲ್ಲಿ ತೇಲುತ್ತಿದ್ದುವು. ಹತ್ತು ಹೆಜ್ಜೆ ಆಚೆ ಬಿದ್ದ ಕಪ್ಪು ಕಲ್ಲೆಂದುಕೊಂಡುದು ಬಹಳ ಹೊತ್ತಿನ ಮೇಲೆ ಮೋಟಾರು ಗಾಡಿಯಾಗಿ ನಮ್ಮನ್ನು ದಾಟಿಹೋಯಿತು. ಅಳೆಯುವುದಕ್ಕೆ ಮರವಿಲ್ಲದ, ಮನೆಯಿಲ್ಲದ ಕಡೆಯಲ್ಲಿ ದೊಡ್ಡದು ಚಿಕ್ಕದು, ಹತ್ತಿರ ದೂರ ಎಂಬುವು ಅರ್ಥವನ್ನು ಕಳೆದುಕೊಳ್ಳುತ್ತವೆ. ನಮ್ಮ ತಾರ್ಕಿಕರು ಪ್ರತ್ಯಕ್ಷವನ್ನು ಪ್ರಮಾಣಗಳಲ್ಲಿ ಮೊದಲನೆಯದೆಂದು ಇಟ್ಟರೂ, ಭ್ರಮೆಯಿಲ್ಲದ ಪ್ರತ್ಯಕ್ಷ ಎಂಬ ಬೇಲಿಯನ್ನು ಏತಕ್ಕೆ ಕಟ್ಟಿದರೆಂಬುದು ಆ ಬಿಳುಪಿನಲ್ಲಿ ಚೆನ್ನಾಗಿ ಮನವರಿಕೆಯಾಯಿತು. ಕಪ್ಪೆಚಿಪ್ಪನ್ನು ಬೆಳ್ಳಿಯೆಂದು ಭ್ರಮಿಸುವ ಶುಕ್ತಿರಜತದ ದೃಷ್ಟಾಂತವನ್ನು ಎಷ್ಟು ಸಲ ಪಾಠ ಹೇಳಿದ್ದೆನೋ. ಇಲ್ಲಿ ನೆಲವೆಲ್ಲ ಚಿಪ್ಪು. ನಡುವೆ ಇಂಕಾವಾಸಿ ಎಂಬ ಕಲ್ಲಿನ ದಿಬ್ಬವೊಂದು ದ್ವೀಪದಂತೆ ಎದ್ದಿದೆ. ‘ಇಂಕಾವಾಸಿ’ ಎಂದರೆ ಇಂಕಾನ ಮನೆ. ಹೆಸರು ತಾನಾಗಿ ಬಿಡಿಸಿಕೊಂಡಾಗ ಮೊದಲನೆಯ ತರಗತಿಯ ಹುಡುಗನಂತೆ ಹಿಗ್ಗಿದೆನು. ಅದರ ಮೇಲೆ ಕಂಬಗಳಂತೆ ನಿಂತ ಕಳ್ಳಿಗಳ ಮುಳ್ಳನ್ನು ಮುಟ್ಟಿದಾಗಲೇ ನನ್ನ ಕಣ್ಣಿಗೆ ನೆಲೆ ಸಿಕ್ಕಿದುದು.

ಅಲ್ಲಿಂದ ಪೊಟೊಸಿಗೆ ಹೊರಟೆವು. ಚಿಪ್ಪಿನ ಬೆಳ್ಳಿಯನ್ನು ಕಂಡ ಮೇಲೆ ನಿಜವಾದ ಬೆಳ್ಳಿ.

ಪೊಟೊಸಿ ನಗರವು 13,000 ಅಡಿಗಳಿಗೂ ಮೇಲಿದೆ. ಅದರ ಬೆನ್ನಿಗೆ ‘ಸೆರೊ ರಿಕೊ’, ಎಂದರೆ ಸಿರಿಯ ಬೆಟ್ಟ, ಕೆಂಪು ಗೋಪುರದಂತೆ ನಿಂತಿದೆ. 1545 ರಲ್ಲಿ ಅದರ ಗರ್ಭದಲ್ಲಿ ಬೆಳ್ಳಿಯಿರುವುದು ಸ್ಪೇನಿನವರಿಗೆ ತಿಳಿಯಿತು. ಅರವತ್ತು ಎಪ್ಪತ್ತು ವರ್ಷಗಳೊಳಗೆ ಈ ಬರಡು ಎತ್ತರದಲ್ಲಿ ಒಂದೂವರೆ ಲಕ್ಷ ಜನರ ಪಟ್ಟಣವೆದ್ದಿತು. ಬೆಲೆಕಟ್ಟಲಾಗದ ವಸ್ತುವನ್ನು ಸ್ಪ್ಯಾನಿಷ್ ಜನರು ಇಂದಿಗೂ ‘ಒಂದು ಪೊಟೊಸಿಯಷ್ಟು ಬಾಳುತ್ತದೆ’ ಎನ್ನುತ್ತಾರೆ. 1759 ರಿಂದ 1773 ರವರೆಗೆ ಕಟ್ಟಿದ ಟಂಕಸಾಲೆಯು ಈಗ ವಸ್ತುಸಂಗ್ರಹಾಲಯ. ಬೆಳ್ಳಿಯ ಗಟ್ಟಿಯನ್ನು ತಗಡಾಗಿ ಅರೆಯುತ್ತಿದ್ದ ಮರದ ಮಹಾಚಕ್ರಗಳನ್ನು ಅಲ್ಲಿ ಕಂಡೆನು. ಕೆಳಗಿನ ಅಂತಸ್ತಿನಲ್ಲಿ ಹೇಸರಗತ್ತೆಗಳು ಅವುಗಳನ್ನು ತಿರುಗಿಸುತ್ತಿದ್ದುವು. ಇಲ್ಲಿ ಮುದ್ರೆಯೊತ್ತಿದ ನಾಣ್ಯಗಳು ಸ್ಪೇನಿನ ಮೂಲಕವೂ ಫಿಲಿಪ್ಪೀನಿನ ಮನಿಲಾದ ಮೂಲಕವೂ ಏಷ್ಯಾ ಖಂಡಕ್ಕೆ ಹರಿದು, ಮೊಗಲರ ಟಂಕಸಾಲೆಗಳಲ್ಲಿ ಕರಗಿ ರೂಪಾಯಿಗಳಾದುವು. ನಮ್ಮ ಇಕ್ಕೇರಿಯ ವೆಂಕಟಪ್ಪನಾಯಕನೊಡನೆ ಪೋರ್ಚುಗೀಸರು ಮೆಣಸಿನ ವ್ಯವಹಾರಕ್ಕಾಗಿ ರಾಯಭಾರ ಕಳುಹಿಸಿದುದು 1623 ರಲ್ಲಿ; ಪೀಟ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಯಾತ್ರಿಕನು ಅದರೊಡನೆ ಬಂದಿದ್ದನು. ಮಲೆನಾಡಿನ ಮೆಣಸಿನ ಬೆಲೆಯಲ್ಲಿ ಈ ಬೆಟ್ಟದ ಬೆಳ್ಳಿಯೂ ಸೇರಿದ್ದಿರಬೇಕು. ಈ ವಾಕ್ಯಕ್ಕೆ ‘ಚಾ’ ಪ್ರತ್ಯಯವನ್ನು ಹಚ್ಚಿ ಓದಿಕೊಳ್ಳತಕ್ಕದ್ದು.

ಬೆಳ್ಳಿಯನ್ನು ತೆಗೆದವರು ಯಾರು? 1570 ರ ದಶಕದಲ್ಲಿ ವೈಸರಾಯಿ ತೊಲೆದೊ ‘ಮಿತಾ’ ಎಂಬ ಬಿಟ್ಟಿ ದುಡಿಮೆಯ ಕಟ್ಟಳೆಯನ್ನು ಜಾರಿಗೆ ತಂದನು. ಬೆಟ್ಟಕ್ಕೆ ಗೊತ್ತುಮಾಡಿದ ಪ್ರಾಂತಗಳ ಹದಿನೆಂಟರಿಂದ ಐವತ್ತು ವಯಸ್ಸಿನ ಗಂಡಸರಲ್ಲಿ ಏಳನೆಯ ಒಂದು ಪಾಲಿನವರು ಸರದಿಯ ಮೇಲೆ ಪ್ರತಿ ವರ್ಷವೂ ಹೋಗಬೇಕು. ಮೊದಲ ಪಟ್ಟಿಗಳ ಪ್ರಕಾರ ವರ್ಷಕ್ಕೆ ಸುಮಾರು 13,500 ಮಂದಿ. ನೂರಾರು ಮೈಲಿಗಳ ದಾರಿ. ಹೆಂಡತಿ ಮಕ್ಕಳೂ ಆಲೂಗಡ್ಡೆ ಹೊತ್ತ ಲಾಮಾಗಳೂ ಜೊತೆಗೆ. ಬೆಳ್ಳಿಯನ್ನು ಬೇರ್ಪಡಿಸುವುದಕ್ಕೆ ಪೆರುವಿನ ಉವಾಂಕಾವೆಲಿಕಾದಿಂದ ಪಾದರಸ ಬರುತ್ತಿತ್ತು. ಅದರ ವಿಷವೂ ಬರುತ್ತಿತ್ತು. ಈ ಕಟ್ಟಳೆಯು ಎರಡು ಶತಮಾನಗಳಿಗೂ ಮಿಕ್ಕಿ ನಡೆದು, 1812 ರಲ್ಲಿ ಸ್ಪೇನಿನ ಶಾಸನಸಭೆಯಲ್ಲಿ ರದ್ದಾಯಿತು. ಸತ್ತವರು ಎಂಬತ್ತು ಲಕ್ಷವೆಂದು ಪೊಟೊಸಿಯಲ್ಲಿ ಬಾಯಿಂದ ಬಾಯಿಗೆ ಹರಿಯುವ ಮಾತು. ಇತಿಹಾಸಜ್ಞರು ಅದನ್ನು ಒಪ್ಪುವುದಿಲ್ಲ. ನನಗಂತೂ ಆ ಉತ್ಪ್ರೇಕ್ಷೆಯ ಅಗತ್ಯವೇ ಕಾಣಲಿಲ್ಲ. ಪಟ್ಟಿಯಲ್ಲಿ ಬರೆದ 13,500 ಎಂಬ ಸಂಖ್ಯೆಯನ್ನು ಎರಡು ಸಲ ಓದಿದರೆ ಸಾಕು.

ಬೆಟ್ಟವು ಇನ್ನೂ ಸತ್ತಿಲ್ಲ. ಗಣಿಗಾರರ ಸಹಕಾರ ಸಂಘಗಳು ಅಳಿದುಳಿದ ಬೆಳ್ಳಿ, ತವರ, ಸತುಗಳನ್ನು ಇಂದಿಗೂ ಕೆದಕುತ್ತವೆ. ಶಿಖರವು ಒಳಗೊಳಗೇ ಕುಸಿಯುತ್ತಿದೆ. 2014 ರಲ್ಲಿ ವಿಶ್ವಪರಂಪರೆಯ ಅಪಾಯದ ಪಟ್ಟಿಗೆ ಈ ನಗರವನ್ನು ಸೇರಿಸಿದರು. ಪ್ರವಾಸಿಗಳನ್ನು ಸುರಂಗದೊಳಗೆ ಕರೆದೊಯ್ಯುವವರಿದ್ದಾರೆ. ನನ್ನ ಉಸಿರಾಟವನ್ನು ನೋಡಿ ಮಗಳು, “ಅಪ್ಪ, ನೀವು ಒಳಗೆ ಹೋಗತಕ್ಕದ್ದಲ್ಲ” ಎಂದು ತೀರ್ಪು ಕೊಟ್ಟಳು. ಅಳಿಯಂದಿರು ಒಬ್ಬರೇ ಹೋದರು. ಆದಕಾರಣ ಒಳಗಿನ ಸಂಗತಿಯನ್ನೆಲ್ಲ ವಾಚಕರು ‘ಅಂತೆ’ ಸೇರಿಸಿಯೇ ಕೇಳಬೇಕು. ಒಳಗೆ ಕೊಂಬುಳ್ಳ ‘ತಿಯೊ’ ಎಂಬ ಮಣ್ಣಿನ ಮೂರ್ತಿ ಇದೆಯಂತೆ. ಬೆಟ್ಟದ ಒಡಲಿಗೆಲ್ಲ ಅವನೇ ಒಡೆಯನಂತೆ. ಗಣಿಗಾರರು ಅವನ ಬಾಯಿಗೆ ಸಿಗರೇಟನ್ನಿಟ್ಟು, ಕೊಕಾ ಎಲೆಯನ್ನೂ ಮದ್ಯವನ್ನೂ ಅರ್ಪಿಸುತ್ತಾರಂತೆ. ‘ತಿಯೊ’ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಚಿಕ್ಕಪ್ಪ, ಮಾವ.

ಅವರು ಒಳಗಿದ್ದ ಎರಡು ಗಂಟೆಗಳ ಕಾಲ ನಾವು ಗಣಿಯ ಬಾಯಲ್ಲಿ ಕುಳಿತಿದ್ದೆವು. ಬಾಗಿಲ ಕಲ್ಲಿಗೆ ಬಲಿ ಕೊಟ್ಟ ಲಾಮಾದ ರಕ್ತವನ್ನು ಬಳಿದು ಅದು ಕಪ್ಪಾಗಿತ್ತು. ನಮ್ಮನ್ನು ಕರೆತಂದಿದ್ದ ತರುಣನು ಸುಮಾರು ಮೂವತ್ತರವನು. ಹದಿನಾಲ್ಕನೆಯ ವಯಸ್ಸಿಗೆ ಗಣಿಗಿಳಿದು, ಹತ್ತು ವರ್ಷ ದುಡಿದು ಹೊರಬಂದವನು. ಬೊಲಿವಿಯದ ಕೆಚುವಾದಲ್ಲಿ ‘ಮಿ’, ‘ಸಿ’ಗಳು ಬಹುಮಟ್ಟಿಗೆ ಸವೆದುಹೋಗಿವೆಯೆಂದು ಕುಸ್ಕೊದ ಮೇಷ್ಟರು ಮೊದಲೇ ತಿಳಿಸಿದ್ದರು. ಕೇಳಿದ ಮಾತಿನ ತುದಿಯಲ್ಲಿ ‘ನಿನ್’ ಎನ್ನುತ್ತಾರೆ. ಅದರ ಅರ್ಥ ‘ಅನ್ನುತ್ತಾರೆ’. ನಮ್ಮ ‘ಅಂತೆ’ಯೂ ‘ಎನ್’ ಧಾತುವಿನಿಂದ ಹುಟ್ಟಿದುದೇ. ಆದರೆ ಎರಡು ಭೂತಕಾಲಗಳು ಇಲ್ಲಿಯೂ ಉಳಿದಿವೆ. ಮಿತಾ ಕಾಲದ ಕಥೆಯನ್ನು ಅವನು ಸ್ಪ್ಯಾನಿಷ್ ಭಾಷೆಯಲ್ಲಿ ಪ್ರವಾಸಿಗಳಿಗೆ ಒಪ್ಪಿಸುವ ಧಾಟಿಯಲ್ಲಿ ಹೇಳಿ ಮುಗಿಸಿದನು. ಅದನ್ನೇ ನಿನ್ನ ಭಾಷೆಯಲ್ಲಿ ಹೇಳಪ್ಪ ಎಂದು ಮಗಳ ಮೂಲಕ ಕೇಳಿಸಿದೆನು. ಅವನು ಬೆರಗಿನಿಂದ ನನ್ನನ್ನು ನೋಡಿ, ಸ್ವಲ್ಪ ನಿಧಾನವಾಗಿ ಹೇಳತೊಡಗಿದನು.

ಶಬ್ದಗಳು ನನಗೆ ತಿಳಿಯಲಿಲ್ಲ. ತುದಿಗಳು ಮಾತ್ರ ತಿಳಿಯುತ್ತಿದ್ದುವು. ಸ್ಕ, ಸ್ಕ, ನಿನ್. ‘ವಞು’ ಎಂದರೆ ಸಾಯುವುದೆಂದು ನನಗೆ ಗೊತ್ತಿತ್ತು; ನಮ್ಮ ಮಕ್ಕಳು ವರ್ಣಮಾಲೆಯಲ್ಲಿ ನಿಷ್ಪ್ರಯೋಜಕವೆಂದು ಭಾವಿಸುವ ಞಕಾರಕ್ಕೆ ಆ ಭಾಷೆಯಲ್ಲಿ ಕೈತುಂಬ ಕೆಲಸ. ‘ವಞುಸ್ಕಾಂಕು’ ಎಂದನು: ಅವರು ಸತ್ತರು, ನಾನು ಕಾಣೆ. ಹೀಗೆ ಹೇಳುತ್ತ ಹೇಳುತ್ತ ದನಿ ತಗ್ಗಿತು. ನಡುವೆ ‘ತಾತಾಯ್’ ಎಂಬ ಮಾತು ಬಂದಿತು. ಅದು ‘ನನ್ನ ತಂದೆ’. ಅನಂತರ ‘ವಞುರ್ಕ’ ಎಂದನು.

ಮಗಳಿಗೆ ಕೆಚುವಾ ಬಾರದು. ಸ್ಪ್ಯಾನಿಷ್ ಭಾಷೆಯಲ್ಲಿ ಹೇಳೆಂದು ಅವಳು ಅವನನ್ನು ಕೇಳಹೊರಟಳು. ನಾನು ಅವಳ ಕೈಯನ್ನು ಹಿಡಿದು ಸುಮ್ಮನಿರಿಸಿದೆನು.

ನಾನು ಕೆಲಸಕ್ಕೆ ಸೇರಿದ ಮೊದಲಲ್ಲಿ ಆರು ವರ್ಷ ಕೋಲಾರದ ಚಿನ್ನದ ಗಣಿಗಳ ಸೀಮೆಯಲ್ಲಿದ್ದೆನು. ನೆಲದಡಿ 10,000 ಅಡಿಗೂ ಮಿಕ್ಕಿ ಇಳಿದಿದ್ದ ಆ ಗಣಿಗಳು 2001 ರ ಫೆಬ್ರವರಿ ತಿಂಗಳ ಕೊನೆಗೆ ಮುಚ್ಚಿದುವು. ಆಗ ನನ್ನ ತರಗತಿಯಲ್ಲಿದ್ದ ಹುಡುಗನೊಬ್ಬನ ತಂದೆ ಕಲ್ಲಿನ ಧೂಳಿನಿಂದ ಎದೆ ಕೆಟ್ಟು ಮನೆಯಲ್ಲಿ ಮಲಗಿದ್ದನು. ನಾನು ನೋಡಲು ಹೋದಾಗ ಅವನು ಎದ್ದು ಕೂರಲು ಹೆಣಗಿ, “ಸಾರ್, ಹುಡುಗ ಓದುತ್ತಾನೆಯೇ?” ಎಂದು ಕೇಳಿದನು; ಅಷ್ಟು ಮಾತಿಗೆ ಮೂರು ಸಲ ಕೆಮ್ಮಿದನು. ಹದಿನೈದು ದಿನಗಳ ಮೇಲೆ ತೀರಿಕೊಂಡನು. ಆ ಹುಡುಗನೂ ತಂದೆಯ ಪಕ್ಕದಲ್ಲಿಯೇ ಕುಳಿತಿದ್ದವನು. ಪೊಟೊಸಿಯ ತರುಣನ ತಂದೆಯ ರೋಗವೂ ಅದೇ ಎಂದು ಆಮೇಲೆ, ಅಳಿಯಂದಿರು ಮೈಯೆಲ್ಲ ಧೂಳಾಗಿ ಹೊರಬಂದ ಮೇಲೆ, ದಾರಿಯಲ್ಲಿ ತಿಳಿಯಿತು. ಕೇಳಿ ತಿಳಿದುದು.

ಸೂಕ್ರೆ ನಗರವು ಪೊಟೊಸಿಗಿಂತ 4,000 ಅಡಿಗಳಷ್ಟು ಕೆಳಗಿದೆ. ಇಳಿದೊಡನೆ ಉಸಿರು ಸಲೀಸಾಯಿತು. ಸುಣ್ಣ ಬಳಿದ ಬಿಳಿಯ ಗೋಡೆಗಳು, ಹಳೆಯ ಅಂಗಳಗಳು, 1624 ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯ. 1825 ರ ಆಗಸ್ಟ್ 6 ರಂದು ಬೊಲಿವಿಯದ ಸ್ವಾತಂತ್ರ್ಯವನ್ನು ಸಾರಿದ ಮಂದಿರ. ಬೆಳ್ಳಿಯ ಗಣಿಗಳ ಒಡೆಯರು ಪೊಟೊಸಿಯ ಚಳಿಯಿಂದ ತಪ್ಪಿಸಿಕೊಂಡು ಸುಖವಾಗಿರಲು ಇಲ್ಲಿ ಮನೆಗಳನ್ನು ಕಟ್ಟಿಕೊಂಡಿದ್ದರು. ಊರು ಸುಂದರವಾಗಿದೆ. ಆ ಸೌಂದರ್ಯವನ್ನು ನಿಶ್ಚಿಂತೆಯಿಂದ ಅನುಭವಿಸುವುದು ಮಾತ್ರ ನನ್ನಿಂದಾಗಲಿಲ್ಲ.

ಮನೆಯಾಕೆಗೆ ಅಲ್ಲಿಯ ಸಂತೆಯು ಹಿಡಿಸಿತು. ಹತ್ತಾರು ಬಗೆಯ ಆಲೂಗಡ್ಡೆ, ಹಿಮದಲ್ಲಿ ಹೆಪ್ಪುಗಟ್ಟಿಸಿ ತುಳಿದು ಒಣಗಿಸಿದ ‘ಚೂಞೊ’ ಎಂಬ ಕರಿಯ ಆಲೂಗಡ್ಡೆ, ಮುಸುಕಿನ ಜೋಳ, ಕಡಲೆಕಾಯಿ, ರಾಶಿರಾಶಿ ಒಣಮೆಣಸಿನಕಾಯಿ. ಇವೆಲ್ಲವೂ ಹುಟ್ಟಿದುದು ಅಮೆರಿಕ ಖಂಡಗಳಲ್ಲಿ. ಪೋರ್ಚುಗೀಸರ ಹಡಗುಗಳಲ್ಲಿ ಮೆಣಸಿನಕಾಯಿ ನಮ್ಮಲ್ಲಿಗೆ ಬಂದಾಗ, ನಾವು ಮೆಣಸಿನ ಹೆಸರಿಗೆ ಕಾಯಿಯನ್ನು ಅಂಟಿಸಿ ಅದನ್ನು ನಮ್ಮದಾಗಿ ಮಾಡಿಕೊಂಡೆವು. ಮನೆಯಾಕೆ ಒಂದು ಮೆಣಸಿನಕಾಯಿಯನ್ನು ಮುರಿದು ಮೂಸಿ, ಬ್ಯಾಡಗಿಯದಕ್ಕೆ ಸಮವಲ್ಲವೆಂದು ನಿರ್ಣಯಿಸಿಯೂ ಕಾಲು ಸೇರು ಕೊಂಡಳು. ಎರಡು ಜಡೆ ಹಾಕಿ ಟೋಪಿಯಿಟ್ಟಿದ್ದ ಮಾರುವವಳು, ನಿಮ್ಮ ದೇಶದಲ್ಲಿಯೂ ಇದು ಬೆಳೆಯುತ್ತದೆಯೇ ಎಂದು ಕೇಳಿದಳು. “ಬೆಳೆಯದೆ ಏನು? ನಮ್ಮಲ್ಲಿ ಇದಿಲ್ಲದೆ ಸಾರೇ ಇಲ್ಲವೆಂದು ಹೇಳೇ” ಎಂದು ಮನೆಯಾಕೆ ಮಗಳಿಗೆ ಹೇಳಿದಳು, ಮಗಳು ಅದನ್ನು ಸ್ಪ್ಯಾನಿಷ್ ಭಾಷೆಗೆ ತಿರುಗಿಸಿದಳು. ಆಕೆ ಕಣ್ಣರಳಿಸಿ, ಪಕ್ಕದ ಅಂಗಡಿಯ ಮುದುಕಿಯ ಕಡೆಗೆ ತಿರುಗಿ ಕೆಚುವಾದಲ್ಲಿ ಆ ಸುದ್ದಿಯನ್ನು ಮುಟ್ಟಿಸಿದಳು. ನಾನು ಚೀಲ ಹಿಡಿದು ನಿಂತು, ವಾಕ್ಯವು ಮುಗಿಯುವುದನ್ನೇ ಕಾಯುತ್ತಿದ್ದೆನು. ಕೊನೆಯಲ್ಲಿ ‘ನಿನ್’ ಇತ್ತು.